ಎತ್ತದ ಕರೆಗಳ ಲೆಕ್ಕ

“ನಮಸ್ಕಾರ. ಈ ಫೋನ್ ಬಳಕೆಯಲ್ಲಿದೆಯಾ?”

ಭಾನುವಾರದ ಮಧ್ಯಾಹ್ನ. ತಲೆಸ್ನಾನ ಮಾಡಿ ಬಂದವಳು ಒದ್ದೆ ಕೂದಲಲ್ಲೇ ರಿಸೀವರ್ ಎತ್ತಿದ್ದೆ. ಆ ಕಡೆ ಗಂಡಸಿನ ದನಿ. ರೇಡಿಯೋದಲ್ಲಿ ಹವಾಮಾನ ಓದುವವರ ಹಾಗೆ ಏರಿಳಿತವೇ ಇಲ್ಲ. ವಾರವೆಲ್ಲ ಊರಿನವರ ಕೆಟ್ಟ ಫೋನುಗಳ ಜೊತೆ ಗುದ್ದಾಡಿ ಬಂದಿದ್ದ ನನಗೆ ಮೈ ಉರಿಯಿತು. ಮಾತಾಡುತ್ತಿರುವುದು ಇದೇ ಫೋನಿನಲ್ಲಿ, ಕೇಳುವುದು ಅದು ಬಳಕೆಯಲ್ಲಿದೆಯೇ ಎಂದು!

“ಇಲ್ಲ. ಸತ್ತುಹೋಗಿ ತುಂಬಾ ದಿನ ಆಯ್ತು. ಈಗ ಮಾತಾಡ್ತಿರೋದು ಅದರ ದೆವ್ವ.”

ಆ ಕಡೆ ಹಾಳೆ ಮಗುಚಿತು. ಆಮೇಲೆ ಕಾಗದದ ಮೇಲೆ ಪೆನ್ನು ಹರಿದ ಸದ್ದು.

“ಧನ್ಯವಾದ. ‘ಬಳಕೆಯಲ್ಲಿಲ್ಲ’ ಅಂತ ಬರ್ಕೊಂಡೆ.”

ಇಟ್ಟೇಬಿಟ್ಟ.

ರಿಸೀವರನ್ನೇ ದಿಟ್ಟಿಸುತ್ತ ನಿಂತೆ. ಜಗಳವಾಡಲು ಬಂದವಳಿಗೆ ಎದುರಾಳಿ ನಮಸ್ಕಾರ ಹಾಕಿ ಹೊರಟುಹೋದಂತಾಗಿತ್ತು.

“ಯಾರೇ ಅದು?” ಒಳಗಿನಿಂದ ದೊಡ್ಡಮ್ಮ ಕೇಳಿದಳು.

“ಯಾರೋ ತಲೆಕೆಟ್ಟೋನು.”

“ದನಿ ಹೇಗಿತ್ತು?”

“ದನಿಗೇನು, ಚೆನ್ನಾಗೇ ಇತ್ತು,” ಎಂದು ಹೇಳಿ ನಾಲಿಗೆ ಕಚ್ಚಿಕೊಂಡೆ.

ಮರುದಿನ ಬೆಳಿಗ್ಗೆ ಆ ದನಿ ನಾನು ಕೆಲಸ ಮಾಡುವ ಜಾಗಕ್ಕೇ ಬಂದು ನಿಂತಿತು.

ನಾನು ಟೆಲಿಫೋನ್ ಎಕ್ಸ್‌ಚೇಂಜಿನ ಟೆಸ್ಟ್ ಡೆಸ್ಕಿನವಳು. ಊರಿನ ಪ್ರತಿಯೊಂದು ತಾಮ್ರದ ತಂತಿಯೂ ಕೊನೆಗೆ ನನ್ನ ಮೇಜಿಗೆ ಬಂದು ಸೇರುತ್ತದೆ. ತಲೆಗೆ ಹೆಡ್‌ಸೆಟ್, ಕೈಯಲ್ಲಿ ಪ್ಲಗ್ಗು, ಎದುರಿಗೆ ಮುಳ್ಳಿನ ಮೀಟರು. ಪ್ಲಗ್ಗು ಚುಚ್ಚಿದರೆ ಸಾಕು, ತಂತಿಯ ಆ ತುದಿಯಲ್ಲಿ ಫೋನಿದೆಯೋ ಇಲ್ಲವೋ ಮುಳ್ಳು ಹೇಳುತ್ತದೆ. ಇದ್ದರೆ ಒಮ್ಮೆ ಒದೆಯುತ್ತದೆ, ಇಲ್ಲದಿದ್ದರೆ ಸುಮ್ಮನೆ ಮಲಗಿರುತ್ತದೆ. ಬೆನ್ನ ಹಿಂದೆ ಕಬ್ಬಿಣದ ಚೌಕಟ್ಟುಗಳಲ್ಲಿ ಸ್ವಿಚ್ಚುಗಳು ಸಾವಿರ ಜನ ಒಟ್ಟಿಗೆ ನೆಟಿಕೆ ಮುರಿದ ಹಾಗೆ ಟಕಟಕ ಎನ್ನುತ್ತಿರುತ್ತವೆ. ನನ್ನ ಅಮ್ಮ ಕೂತಿದ್ದ ಕುರ್ಚಿ ಇದು. ಅದರ ಎಡಗೈ ಸವೆದಿರುವುದು ಅವಳ ಮೊಣಕೈಯಿಂದ. ಬಲಗೈ ಸವೆಯುತ್ತಿರುವುದು ನನ್ನಿಂದ.

ಮ್ಯಾನೇಜರ್ ಅವನನ್ನು ಕರೆದುಕೊಂಡು ಬಂದರು. ಮ್ಯಾನೇಜರಿಗೆ ನಾವಿಟ್ಟ ಹೆಸರು ಬೀಗ. ಈ ಕಟ್ಟಡದ ಬಾಗಿಲಿಗೆ ಹಾಕಲು ಹೊಸ ಬೀಗವನ್ನು ಆಗಲೇ ತರಿಸಿ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದರು.

“ಇವರು ಅಂದಾಜು ಮಾಡೋಕೆ ಬಂದಿದ್ದಾರೆ,” ಎಂದರು ಬೀಗ. “ಊರಲ್ಲಿ ಹಳೇ ಲ್ಯಾಂಡ್‌ಲೈನ್ ಎಷ್ಟು ಇನ್ನೂ ಬಳಕೆಯಲ್ಲಿವೆ ಅಂತ. ಒಟ್ಟು ಲೈನಿನಲ್ಲಿ ಕಾಲು ಭಾಗಕ್ಕಿಂತ ಕಮ್ಮಿ ಬಂದ್ರೆ ಎಕ್ಸ್‌ಚೇಂಜ್ ಮುಚ್ಚೋದು. ತಾಮ್ರ ಕಿತ್ತು ಮಾರೋದು. ನಿಮಗೆಲ್ಲ ದೊಡ್ಡ ಊರಿನ ಕಾಲ್ ಸೆಂಟರ್‌ಗೆ ವರ್ಗ. ಅಲ್ಲಿ ಏಸಿ ಇದೆ.”

ಅವನು ಎತ್ತರಕ್ಕೆ ತಕ್ಕ ಮೈಯಿಲ್ಲದ ಆಳು. ಕಿವಿಯ ಮೇಲೊಂದು ಪೆನ್ಸಿಲ್, ಕಿಸೆಯಲ್ಲಿ ಎರಡು ಪೆನ್ನು. ಕನ್ನಡಕದ ಹಿಂದಿನ ಕಣ್ಣುಗಳು ನೇರ ನನ್ನ ಮೇಲಿದ್ದವು. ನೋಡಿ, ಇಳಿಸಿ, ಮತ್ತೆ ನೋಡಿದ.

“ನಮಸ್ಕಾರ,” ಎಂದ.

ಅದೇ ಹವಾಮಾನದ ದನಿ. ನನ್ನ ಕೈಯಿಂದ ಪ್ಲಗ್ಗು ಜಾರಿತು.

“ನೀವಾ ನಿನ್ನೆ ಫೋನ್ ಮಾಡಿದ್ದು?”

ಅವನ ಮುಖದಲ್ಲಿ ನಿಧಾನವಾಗಿ ಬೆಳಗಾಯಿತು. “ದೆವ್ವ!”

“ಅಲ್ಲ ಮಾರಾಯ್ರೇ, ಯಾರಾದ್ರೂ ದೆವ್ವ ಅಂದ್ರೆ ನಂಬಿ ಬರ್ಕೊಂಡುಬಿಡೋದಾ?”

“ಕೇಳಿದ್ದಕ್ಕೆ ‘ಇಲ್ಲ’ ಅಂದ್ರಿ. ನನ್ನ ಊಹೆ ಸೇರಿಸೋ ಹಾಗಿಲ್ಲ. ಅದೇ ನಿಯಮ.”

“ಊಹೆ ಸೇರಿಸೋ ಹಾಗಿಲ್ವಾ? ಮತ್ತೆ ನಿಮ್ಮ ಕೆಲಸ ಏನು?”

“ಅಂದಾಜು,” ಎಂದ. ಹೇಳಿ ನಕ್ಕ. ಒಂದು ಕಡೆಯ ತುಟಿ ಮಾತ್ರ ಮೇಲೆ ಹೋಗುವ ನಗು. ನನಗೆ ಅಲ್ಲೇ ಸಿಟ್ಟು ಬರಬೇಕಿತ್ತು. ಬಂತು ಕೂಡ. ಸಿಟ್ಟಿನ ಜೊತೆ ಇನ್ನೇನೋ ಬಂತು, ಅದಕ್ಕೆ ನಾನು ಕುರ್ಚಿ ಕೊಡಲಿಲ್ಲ.

ಅವನು ಎರಡು ದಾರಿ ಹಿಡಿದಿದ್ದ. ಮೂರು ತಿಂಗಳಿನಲ್ಲಿ ಒಂದಾದರೂ ಕರೆ ಬಿಲ್ಲಿನಲ್ಲಿ ಬಿದ್ದಿದೆಯೇ ಎಂದು ನೋಡುವುದು ಒಂದು. ಕಣ್ಣು ಮುಚ್ಚಿ ಕೆಲವು ನಂಬರು ಆರಿಸಿ, ಕರೆ ಮಾಡಿ, ಯಾರಾದರೂ ಎತ್ತುತ್ತಾರೆಯೇ ಎಂದು ಪರೀಕ್ಷಿಸುವುದು ಇನ್ನೊಂದು. ಎರಡರಲ್ಲೂ ಉತ್ತರ ಒಂದೇ: ಹತ್ತರಲ್ಲಿ ಒಂದು.

“ಹತ್ತರಲ್ಲಿ ಒಂದಾ?” ನಾನು ಸಾಲಾಗಿ ಪ್ಲಗ್ಗು ಚುಚ್ಚುತ್ತ ಹೋದೆ. ಮುಳ್ಳು ಒದೆಯಿತು, ಒದೆಯಿತು, ಮತ್ತೆ ಒದೆಯಿತು. “ನೋಡಿ ಅಂದಾಜು ಸಾಹೇಬ್ರೇ. ಹತ್ತರಲ್ಲಿ ಒಂಬತ್ತು ಬದುಕಿವೆ.”

“ಫೋನು ಅಲ್ಲಿದೆ ಅಂತ ಮುಳ್ಳು ಹೇಳುತ್ತೆ. ಬಳಸ್ತಾರೆ ಅಂತ ಹೇಳುತ್ತಾ?”

“ಬನ್ನಿ. ಬಾಗಿಲು ಬಡಿದು ನೋಡೋಣ.”

ಹೀಗೆ ನಾವಿಬ್ಬರೂ ಬೀದಿಗಿಳಿದೆವು. ನನ್ನ ಮುಳ್ಳು ಒದ್ದ ಮನೆಗಳನ್ನೇ ಆರಿಸಿಕೊಂಡು.

ಮೊದಲನೆಯ ಮನೆಯಲ್ಲಿ ಫೋನು ಕಪಾಟಿನಲ್ಲಿ, ಹಳೆಯ ಕಂಬಳಿಗಳ ಕೆಳಗೆ. ತಂತಿ ಮಾತ್ರ ಸಂದಿಯಿಂದ ಹೊರಗೆ ಬಂದು ಗೋಡೆಗೆ ಸಿಕ್ಕಿಕೊಂಡಿತ್ತು. ಎರಡನೆಯ ಮನೆಯಲ್ಲಿ ಅದು ಗಾಳಿಗೆ ಬಾಗಿಲು ಬಡಿಯದಂತೆ ನೆಲದ ಮೇಲೆ ಕೂತಿತ್ತು. “ಭಾರ ಚೆನ್ನಾಗಿದೆ,” ಎಂದಳು ಮನೆಯಾಕೆ ಹೆಮ್ಮೆಯಿಂದ.

ಅವನು ನನ್ನ ಕಡೆ ತಿರುಗಿ ನೋಡಲಿಲ್ಲ. ನೋಡದೆ ಇರಲು ಅವನು ಪಡುತ್ತಿದ್ದ ಕಷ್ಟ ಅವನ ಕಿವಿಯಲ್ಲಿ ಕಾಣುತ್ತಿತ್ತು, ಕೆಂಪಗಾಗಿತ್ತು.

“ನಕ್ಕುಬಿಡಿ,” ಎಂದೆ.

“ಇಲ್ಲ ಇಲ್ಲ.”

“ಹೊಟ್ಟೆ ಒಡೆದುಹೋಗುತ್ತೆ, ನಕ್ಕುಬಿಡಿ.”

ನಕ್ಕ. ಬೀದಿಯ ನಡುವೆ ನಿಂತು, ಕನ್ನಡಕ ತೆಗೆದು, ಕಣ್ಣೊರೆಸಿಕೊಂಡು ನಕ್ಕ. ಕನ್ನಡಕವಿಲ್ಲದ ಆ ಕಣ್ಣುಗಳು ಏನನ್ನೋ ಹುಡುಕುವಂತೆ ನನ್ನ ಮುಖದ ಮೇಲೆ ಓಡಾಡಿದವು. ಹತ್ತಿರದಲ್ಲೇ ನಿಂತಿದ್ದೆ. ದೂರ ಸರಿಯಬಹುದಿತ್ತು.

ಮೂರನೆಯದು ದರ್ಜಿಯ ಅಂಗಡಿ. ಹೊಲಿಗೆ ಯಂತ್ರದ ಪಕ್ಕ ಫೋನು, ಅದರ ಮೇಲೆ ದಾರದ ಉಂಡೆ. ದರ್ಜಿ ನಮ್ಮ ಹಳೆಯ ಪರಿಚಯ.

“ಬಳಸ್ತೀರಾ ಇದನ್ನ?” ಅಂದಾಜುಗಾರ ಕೇಳಿದ.

“ಬಳಸದೆ? ಬಟ್ಟೆ ರೆಡಿಯಾದ್ರೆ ಗಿರಾಕಿಗೆ ಫೋನ್ ಮಾಡ್ತೀನಿ.”

“ಬಿಲ್ಲಲ್ಲಿ ಒಂದೂ ಕರೆ ಇಲ್ವಲ್ಲ?”

ದರ್ಜಿ ಸೂಜಿ ಬಾಯಲ್ಲಿ ಕಚ್ಚಿಕೊಂಡು ಏನೋ ಗೊಣಗಿ, ಮತ್ತೆ ನನ್ನ ಕಡೆ ತಿರುಗಿದ. “ದೊಡ್ಡಮ್ಮ ಹೇಗಿದ್ದಾರಮ್ಮಾ? ಈ ಕಡೆ ಬಂದು ವರ್ಷವೇ ಆಗಿರಬೇಕು.”

ನನಗೆ ಅರ್ಥವಾಗಲಿಲ್ಲ. ದೊಡ್ಡಮ್ಮ ಪ್ರತಿ ಗುರುವಾರ ಸಂಜೆ ‘ದರ್ಜಿ ಹತ್ರ ಹೋಗಿ ಬರ್ತೀನಿ’ ಎಂದು ಹೊರಡುತ್ತಾಳಲ್ಲ?

ಸಂಜೆಗೆ ಲೆಕ್ಕ ನೋಡಿದರೆ ನನ್ನ ಹತ್ತರಲ್ಲಿ ಒಂಬತ್ತು ಮಣ್ಣುಪಾಲಾಗಿತ್ತು. ಸೋತೆ ಎಂದು ಒಪ್ಪಿಕೊಳ್ಳುವ ಬಾಯಿ ದೇವರು ನನಗೆ ಕೊಟ್ಟಿಲ್ಲ.

“ನನ್ನದು ತಪ್ಪು ಇರಬಹುದು. ಹಾಗಂತ ನಿಮ್ಮದು ಸರಿ ಅಂತ ಆಗಲಿಲ್ಲ.”

“ಅದನ್ನೇ ನಾನೂ ಯೋಚಿಸ್ತಿದ್ದೆ,” ಎಂದ ಅವನು. “ಆ ದರ್ಜಿ ಸುಳ್ಳು ಹೇಳ್ತಿಲ್ಲ. ಬಿಲ್ಲೂ ಸುಳ್ಳು ಹೇಳ್ತಿಲ್ಲ. ಎರಡರ ಮಧ್ಯೆ ಏನೋ ಕಳೆದುಹೋಗ್ತಿದೆ, ದೆವ್ವ ಅವ್ರೇ.”

ಗಂಡಸರು ‘ನಾನು ಸರಿ’ ಎನ್ನುವುದನ್ನು ಬಹಳ ಕೇಳಿದ್ದೇನೆ. ‘ಏನೋ ಕಳೆದುಹೋಗುತ್ತಿದೆ’ ಎಂದು ಚಿಂತೆ ಮಾಡಿದವನನ್ನು ಅವತ್ತೇ ನೋಡಿದ್ದು.

ಆ ವಾರದಲ್ಲೇ ಒಂದು ದಿನ ತಲೆನೋವೆಂದು ಬೇಗ ಮನೆಗೆ ಬಂದೆ. ನೋಡಿದರೆ ನಮ್ಮ ಹಜಾರದಲ್ಲಿ ಅವನು! ಕಾಲು ಮಡಚಿ ಕೂತು ಚಹಾ ಕುಡಿಯುತ್ತಿದ್ದಾನೆ. ಪಕ್ಕದಲ್ಲಿ ಫೋನು. ಎದುರಿಗೆ ಬೀನ್ಸಿನ ನಾರು ತೆಗೆಯುತ್ತ ದೊಡ್ಡಮ್ಮ.

“ನೀವೇನು ಇಲ್ಲಿ?”

“ದೆವ್ವದ ಮನೆ ವಿಚಾರಣೆ,” ಎಂದ. “ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ಬಂದು ನೋಡಿದ್ರೆ ನಿಮ್ಮ ದೊಡ್ಡಮ್ಮ ಫೋನಿನ ಪಕ್ಕದಲ್ಲೇ ಕೂತಿದ್ರು.”

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ನಾನು ಕೈ ಚಾಚಿದೆ. ದೊಡ್ಡಮ್ಮ ಫಟ್ಟನೆ ನನ್ನ ಕೈಗೆ ಹೊಡೆದಳು.

“ಎತ್ತಬೇಡ್ವೇ!”

ಎರಡನೆಯ ರಿಂಗು. ಮೂರನೆಯದು. ನಿಂತುಹೋಯಿತು.

ದೊಡ್ಡಮ್ಮನ ಮುಖ ನೋಡಿದೆ. ಬೀನ್ಸಿನ ಬುಟ್ಟಿಯ ಮೇಲೆ ಬಗ್ಗಿದ್ದ ಆ ಮುಖದಲ್ಲಿ ಹದಿನಾರರ ಹುಡುಗಿಯೊಬ್ಬಳು ಬಂದು ಕೂತಿದ್ದಳು. ಮದುವೆ ಬೇಡವೆಂದು ನಾಲ್ಕು ಊರಿಗೆ ಕೇಳುವಂತೆ ಹೇಳಿ, ನನ್ನನ್ನು ಸಾಕಿದ ಹೆಂಗಸು ಇವಳು.

“ಯಾರದು ದೊಡ್ಡಮ್ಮ?”

“ಬಸ್ಸು ಓಡಿಸೋರು. ಟ್ರಿಪ್ಪು ಮುಗಿಸಿ ಮನೆ ಸೇರಿದ್ರೆ ಮೂರು ರಿಂಗು. ಅಷ್ಟೇ. ಎತ್ತೋದ್ಯಾಕೆ? ಹೇಳಬೇಕಾದ್ದು ಹೇಳಿ ಆಯ್ತಲ್ಲ.”

“ಎಷ್ಟು ಕಾಲದಿಂದ?”

“ನೀನು ಕೆಲಸಕ್ಕೆ ಸೇರಿದಾಗಿಂದ. ನೀನು ಬರೋಷ್ಟರಲ್ಲಿ ನಮ್ಮ ಮಾತು ಮುಗಿದಿರುತ್ತೆ.”

ಅಂದಾಜುಗಾರನ ಕೈಯಲ್ಲಿದ್ದ ಚಹಾ ಲೋಟ ತುಟಿಯ ಹತ್ತಿರವೇ ನಿಂತಿತ್ತು. “ಅಮ್ಮಾ, ನಾಲ್ಕನೇ ರಿಂಗು ಬಂದ್ರೆ?”

“ಅದು ಯಾರೋ ಗೊತ್ತಿಲ್ಲದೋರು. ಎತ್ತಲ್ಲ. ಮೊನ್ನೆ ಒಬ್ಬ ತಲೆಕೆಟ್ಟೋನು ಭಾನುವಾರ ಮಾಡಿದ್ನಂತೆ, ಇವಳು ಎತ್ತಿದ್ಲು.”

“ಎರಡಕ್ಕೇ ನಿಂತ್ರೆ?” ಎಂದು ಕೇಳಿದ ತಲೆಕೆಟ್ಟವನು.

ದೊಡ್ಡಮ್ಮ ಒಂದು ಬೀನ್ಸು ಮುರಿದಳು. “ಎರಡಕ್ಕೆ ನಿಂತ್ರೆ, ಬಾ ಅಂತ.”

ನನಗೆ ಗುರುವಾರದ ದರ್ಜಿ ನೆನಪಾದ. “ದೊಡ್ಡಮ್ಮಾ!”

“ಏನೇ? ನಾನೇನು ಕಪಾಟಿನಲ್ಲಿ ಕಂಬಳಿ ಕೆಳಗಿರೋ ಫೋನಾ?”

ಅಂದಾಜುಗಾರ ಎದ್ದು ನಿಂತುಬಿಟ್ಟಿದ್ದ. “ಎತ್ತದ ಕರೆಗೆ ಬಿಲ್ಲಿಲ್ಲ. ಬಿಲ್ಲಿಲ್ಲ ಅಂದ್ರೆ ದಾಖಲೆ ಇಲ್ಲ. ದರ್ಜಿ ಕೂಡ ಒಂದು ರಿಂಗು ಕೊಟ್ಟು ಕಟ್ ಮಾಡ್ತಿರಬೇಕು! ಈ ಊರು ಇಡೀ ದಿನ ಮಾತಾಡ್ತಾನೇ ಇದೆ. ನಾವು ಅದನ್ನ ಮೌನ ಅಂತ ಬರ್ಕೊಂಡ್ವಿ.”

ಅವನು ನನ್ನನ್ನೇ ನೋಡಿ ಅದನ್ನು ಹೇಳಿದ. ಊರಿಡೀ ತಂತಿ ನನ್ನ ಮೇಜಿಗೆ ಬಂದು ಸೇರುತ್ತದೆ ಎಂದು ಮೆರೆದವಳು ನಾನು. ನಮ್ಮ ಮನೆಯ ತಂತಿಯೊಳಗೆ ಒಂದು ಪ್ರೇಮ ಓಡಾಡುತ್ತಿದ್ದುದು ನನಗೇ ಗೊತ್ತಿರಲಿಲ್ಲ.

ಮುಂದಿನ ಬುಧವಾರ ಅವನು ಟೆಸ್ಟ್ ಡೆಸ್ಕಿಗೆ ಬಂದ. ಪಕ್ಕದ ಸ್ಟೂಲಿನಲ್ಲಿ ಕೂತ. ಎಂದಿನ ನಗು ಇರಲಿಲ್ಲ.

“ನಾಡಿದ್ದು ಶುಕ್ರವಾರ ವರದಿ ಕೊಡಬೇಕು. ರಿಂಗಿನ ಕಥೆ ಮ್ಯಾನೇಜರಿಗೆ ಹೇಳಿದೆ. ಕಥೆ ಬೇಡ, ಸಂಖ್ಯೆ ಕೊಡಿ ಅಂದ್ರು.” ದನಿ ತಗ್ಗಿಸಿದ. “ಕೇಳಿ. ಅಂದಾಜಿನಲ್ಲಿ ಆ ಕಡೆ ಈ ಕಡೆ ಸ್ವಲ್ಪ ಜಾಗ ಇರುತ್ತೆ. ಎಲ್ಲಾ ಕಡೆ ಮೇಲಕ್ಕೇ ಹಿಡಿದ್ರೆ ಕಾಲು ಭಾಗ ಮುಟ್ಟಿಸಬಹುದು. ಯಾರಿಗೂ ಗೊತ್ತಾಗಲ್ಲ. ನೀವು ಇಲ್ಲೇ ಇರಬಹುದು.”

“ಯಾಕೆ?”

“ಯಾಕೆ ಅಂದ್ರೆ... ನೀವು ಇಲ್ಲೇ ಇರಬೇಕು ಅಂತ ನನಗೆ.”

ಬೇರೆ ಯಾವ ಹೊತ್ತಿನಲ್ಲಿ ಆ ಮಾತು ಬಂದಿದ್ದರೂ ನಾನು ಕರಗಿಹೋಗುತ್ತಿದ್ದೆ. ಆದರೆ ಆ ಹೊತ್ತಿನಲ್ಲಿ ನನ್ನ ಕಣ್ಣಿಗೆ ಕಂಡದ್ದು ನೀಡಲು ಚಾಚಿದ ಒಂದು ಕೈ. ಕೆಳಗೆ ನಿಂತವರಿಗೆ ಮೇಲಿನವರು ಚಾಚುವ ಕೈ. ಹೆಡ್‌ಸೆಟ್ ಕಿತ್ತು ಮೇಜಿನ ಮೇಲೆ ಕುಕ್ಕಿದೆ.

“ಸುಳ್ಳು ಹೇಳಿ ನನ್ನನ್ನ ಉಳಿಸ್ತೀಯಾ?” ಎಂದೆ. ‘ನೀವು’ ಎಲ್ಲಿಗೆ ಹೋಯಿತೋ ತಿಳಿಯದು. “ಅವರು ಸುಳ್ಳು ಎಣಿಸಿ ನಮ್ಮನ್ನ ಸಾಯಿಸ್ತಾರೆ, ನೀನು ಸುಳ್ಳು ಎಣಿಸಿ ಬದುಕಿಸ್ತೀಯ. ನಮ್ಮ ದೊಡ್ಡಮ್ಮ, ಆ ದರ್ಜಿ, ಇವರೆಲ್ಲ ನಿನ್ನ ಆ ಕಡೆ ಈ ಕಡೆ ಜಾಗದಲ್ಲಿ ಕೂರೋ ಜನ ಅಲ್ಲ. ಇದ್ದಾರೆ. ಇರೋರನ್ನ ಇದ್ದಾರೆ ಅಂತ ಬರಿ. ನನಗೆ ನಿನ್ನ ದಯೆ ಬೇಡ. ಲೆಕ್ಕ ಬೇಕು.”

ಅವನ ಮುಖ ಬಿಳಿಚಿತು. ಎದ್ದು ಹೋಗುತ್ತಾನೆ ಎಂದುಕೊಂಡೆ. ಹೋದರೆ ಹೋಗಲಿ ಎಂದುಕೊಂಡೆ. ಎದೆ ಮಾತ್ರ, ಹೋಗಬೇಡ, ಹೋಗಬೇಡ ಎಂದು ರಿಂಗಾಗುತ್ತಲೇ ಇತ್ತು.

ಅವನು ಹೋಗಲಿಲ್ಲ. ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಅದರ ತುದಿ ನೋಡುತ್ತ ಕೇಳಿದ.

“ಒಂದು ದಡ್ಡ ಪ್ರಶ್ನೆ. ಊರಿನವರೆಲ್ಲ ಒಂದೇ ಸಲ ರಿಸೀವರ್ ಎತ್ತಿದ್ರೆ ಇಲ್ಲಿ ಏನಾಗುತ್ತೆ?”

ಸಿಟ್ಟಿನಲ್ಲೇ ಉತ್ತರಿಸಲು ಬಾಯಿ ತೆರೆದವಳು ತೆರೆದ ಬಾಯಲ್ಲೇ ನಿಂತೆ.

ರಿಸೀವರ್ ಎತ್ತಿದರೆ ಆ ತಂತಿಯಲ್ಲಿ ಎಳೆಯಷ್ಟು ಕರೆಂಟು ಹರಿಯುತ್ತದೆ. ಹರಿಯುವುದು ನಮ್ಮ ಕೆಳಗಿನ ಬ್ಯಾಟರಿ ಕೋಣೆಯಿಂದ. ಅಲ್ಲಿ ಗೋಡೆಯ ಮೇಲೆ ತಟ್ಟೆಯಗಲದ ಮೀಟರಿದೆ. ನೂರು ಜನ ಎತ್ತಿದರೆ ನೂರು ಎಳೆ.

“ಮುಳ್ಳು ಏರುತ್ತೆ,” ಎಂದೆ ನಿಧಾನವಾಗಿ. “ಮೊದಲು ಇಲ್ಲಿರೋ ಹತ್ತು ಫೋನು ನಾವೇ ಎತ್ತಿ, ಎಷ್ಟು ಏರುತ್ತೆ ನೋಡ್ಕೊಂಡ್ರೆ...”

“...ಆಮೇಲೆ ಊರೇ ಎತ್ತಿದಾಗ ಎಷ್ಟು ಫೋನು ಅಂತ ಹೇಳಬಹುದು.”

“ಕಪಾಟಿನಲ್ಲಿರೋ ಫೋನು ತಾನಾಗಿ ಏಳಲ್ಲ.”

“ಬಾಗಿಲಿಗೆ ಒತ್ತಿಟ್ಟಿದ್ದೂ ಏಳಲ್ಲ. ಎದ್ದದ್ದೆಲ್ಲ ಯಾರೋ ಒಬ್ಬರ ಕೈಯಲ್ಲಿರುತ್ತೆ.” ಅವನ ಕಣ್ಣುಗಳು ಬೆಳಗಿದ್ದವು. “ಅವತ್ತು ಮನೇಲಿ ಇಲ್ಲದೋರು ಬಿಟ್ಟುಹೋಗ್ತಾರೆ, ಆದ್ರಿಂದ ಇದು ಕನಿಷ್ಠ. ಇದಕ್ಕಿಂತ ಕಮ್ಮಿ ಅಂತ ಯಾವನೂ ಹೇಳೋಕಾಗಲ್ಲ.”

“ಎತ್ತೋಕೆ ಅಂತಲೇ ಯಾರಾದ್ರೂ ಕಪಾಟಿನಿಂದ ಹೊರಗೆ ತೆಗೆದ್ರೆ?”

“ತೆಗೆದ್ರೆ, ಅದು ಬಳಸಿದ ಹಾಗೇ ಆಯ್ತಲ್ಲ.” ತಡೆದು, “ಒಂದೇ ತೊಂದರೆ. ನಾನು ಅಂದಾಜು ಮಾಡೋನು, ಚಳವಳಿ ಮಾಡೋನಲ್ಲ,” ಎಂದ.

“ಸತ್ತೋರ ಲೆಕ್ಕದಲ್ಲಿರೋರು ಎದ್ದು ನಿಂತು ‘ಎಣಿಸು’ ಅಂದ್ರೆ, ಅದಕ್ಕಿಂತ ದೊಡ್ಡ ಚಳವಳಿ ಯಾವುದೋ?”

‘ಯಾವುದೋ’ ಎಂದದ್ದು ಅವನಿಗೆ ಕೇಳಿಸಿತು. ಕೇಳಿಸಿದ್ದು ನನಗೆ ಗೊತ್ತಾಯಿತು. ಇಬ್ಬರೂ ಮೀಟರನ್ನು ನೋಡಿದೆವು. ಅದರಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ಹನ್ನೊಂದು ಎಂದು ಗೊತ್ತುಮಾಡಿದೆವು. ದರ್ಜಿ ಹೊಲಿದ ಪ್ರತಿಯೊಂದು ಅಂಗಿಯ ಕಿಸೆಯಲ್ಲೂ ಒಂದು ಚೀಟಿ ತುರುಕಿದ. ದೊಡ್ಡಮ್ಮನ ಬಸ್ಸಿನವರು ಪ್ರತಿ ನಿಲ್ದಾಣದಲ್ಲೂ ಕಿಟಕಿಯಿಂದ ಬಗ್ಗಿ ಮಾತು ಹಂಚಿದರು. ದೊಡ್ಡಮ್ಮ ಜನ್ಮದಲ್ಲಿ ಮಾಡದಷ್ಟು ಕರೆಗಳನ್ನು ಎರಡು ದಿನದಲ್ಲಿ ಮಾಡಿದಳು. ಆ ಕಡೆಯವರು ನಾಲ್ಕನೇ ರಿಂಗಿಗೂ ಎತ್ತದಿದ್ದರೆ ಚಪ್ಪಲಿ ಮೆಟ್ಟಿಕೊಂಡು ಅವರ ಮನೆಗೇ ನಡೆದಳು.

ಅಂದಾಜುಗಾರ ಮ್ಯಾನೇಜರಿಗೆ ಇಷ್ಟೇ ಹೇಳಿದ್ದ: “ಕೊನೇದೊಂದು ಅಳತೆ ಇದೆ ಸರ್. ಸಾಕ್ಷಿಗೆ ನೀವು ಇರಬೇಕು.”

ಬ್ಯಾಟರಿ ಕೋಣೆಯಲ್ಲಿ ಮೂವರೂ ನಿಂತೆವು. ಆಮ್ಲದ ಹುಳಿ ವಾಸನೆ. ಮೊದಲು ನಮ್ಮ ಹತ್ತು ಫೋನು ಎತ್ತಿ, ಮುಳ್ಳು ಏರಿದ್ದನ್ನು ಅವನು ಗಾಜಿನ ಮೇಲೆ ಪೆನ್ಸಿಲಿನಲ್ಲಿ ಗೀಚಿದ. ಆ ಲೆಕ್ಕದಲ್ಲೇ ಕಾಲು ಭಾಗಕ್ಕೆ ಬೀಳುವ ಜಾಗದಲ್ಲಿ ಇನ್ನೊಂದು ದಪ್ಪ ಗೆರೆ. ಮ್ಯಾನೇಜರ್ ಅದನ್ನು ಒಪ್ಪಿ ತಲೆಯಾಡಿಸಿದರು. ಅಷ್ಟು ಎತ್ತರದ ಗೆರೆಯನ್ನು ಒಪ್ಪಲು ಅವರಿಗೆ ಯಾವ ಭಯವೂ ಇರಲಿಲ್ಲ.

ಹನ್ನೊಂದಾಯಿತು. ಮುಳ್ಳು ಕದಲಲಿಲ್ಲ.

“ಆಯ್ತಾ ನಿಮ್ಮ ಅಳತೆ?” ಎಂದರು ಬೀಗ.

ಅವನ ಬೆರಳು ನನ್ನ ಬೆರಳಿಗೆ ತಗುಲಿತು. ತಗುಲಿ, ಅಲ್ಲೇ ಉಳಿಯಿತು. ಇಬ್ಬರ ಅಂಗೈಯೂ ಬೆವೆತಿತ್ತು.

ಆಗ ಮೇಲಿನ ಅಂತಸ್ತಿನಲ್ಲಿ ಸದ್ದು ಹುಟ್ಟಿತು. ಮೊದಲು ಅಲ್ಲೊಂದು ಇಲ್ಲೊಂದು ಟಕ್. ಆಮೇಲೆ ಹೆಂಚಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ. ಎಷ್ಟೋ ವರ್ಷಗಳಿಂದ ತೂಕಡಿಸುತ್ತಿದ್ದ ಚೌಕಟ್ಟುಗಳೂ ಮೈಮುರಿದು ಎದ್ದವು. ಮೀಟರಿನ ಮುಳ್ಳು ನಡುಗಿತು. ಹತ್ತಿತು. ನಿಂತಿತು. ಮತ್ತೆ ಹತ್ತಿತು. ದಪ್ಪ ಗೆರೆಯ ಕೆಳಗೆ ಬಂದು ತೊನೆಯಿತು.

“ಏರು,” ಎಂದೆ ಹಲ್ಲು ಕಚ್ಚಿ. “ಏರೋ, ನಿನ್ನ!”

ಏರಿತು. ಗೆರೆ ದಾಟಿತು. ದಾಟಿಯೂ ನಿಲ್ಲದೆ ಹೋಗಿ, ಮೂರನೇ ಒಂದು ಭಾಗದ ಹತ್ತಿರ ಕೂತು, ಇನ್ನು ಕದಲುವುದಿಲ್ಲ ಎಂಬಂತೆ ನಮ್ಮನ್ನು ನೋಡಿತು.

ಮ್ಯಾನೇಜರ್ ಕನ್ನಡಕ ಏರಿಸಿದರು, ಇಳಿಸಿದರು. “ಇದೇನು ತಮಾಷೆ? ಇಡಿ ಅನ್ನಿ ಅವರಿಗೆ! ಎಕ್ಸ್‌ಚೇಂಜ್ ಸುಟ್ಟುಹೋಗುತ್ತೆ!”

“ಸುಟ್ಟುಹೋಗಲ್ಲ ಸರ್. ಇದಕ್ಕಂತಲೇ ಕಟ್ಟಿದ್ದು ಇದನ್ನ.”

“ಇಡಿ ಅನ್ನಿ ಅಂದೆ!”

“ನೀವೇ ಹೇಳಿ ಸರ್. ಎಲ್ಲರೂ ಲೈನಲ್ಲೇ ಇದ್ದಾರೆ.”

ಮೇಲೆ ಕರೆದೊಯ್ದು ಹೆಡ್‌ಸೆಟ್ ಅವರ ತಲೆಗೆ ನಾನೇ ಹಾಕಿದೆ. ಎದುರಿಗಿದ್ದ ಸಾವಿರ ತೂತುಗಳಲ್ಲಿ ಒಂದಕ್ಕೆ ಪ್ಲಗ್ಗು ಚುಚ್ಚಿದೆ. ಯಾವುದಕ್ಕೆ ಎಂದು ಹೇಳಬೇಕಾಗಿಲ್ಲ.

“ಹಲೋ,” ಎಂದರು ಬೀಗ. “ಟೆಲಿಫೋನ್ ಮ್ಯಾನೇಜರ್ ಮಾತಾಡ್ತಿರೋದು. ದಯವಿಟ್ಟು ಫೋನ್ ಕೆಳಗಿಡಿ.”

ದೊಡ್ಡಮ್ಮನ ದನಿಗೆ ಹೆಡ್‌ಸೆಟ್ ಸಾಲದು, ನಮಗೂ ಕೇಳಿಸಿತು. “ಯಾರಪ್ಪಾ ನೀನು? ನಮ್ಮನ್ನ ಸತ್ತೋರ ಲೆಕ್ಕಕ್ಕೆ ಸೇರಿಸೋಕೆ ಹೊರಟಿರೋನು ನೀನೇನಾ? ಇಡಲ್ಲ. ಎಣಿಸಿದ್ಯಾ? ಎಣಿಸಿ ಸಹಿ ಹಾಕು, ಇಡ್ತೀನಿ. ಒಲೆ ಮೇಲೆ ಅನ್ನ ಇದೆ, ಬೇಗ!”

ಅವರು ಇನ್ನೊಂದು ತೂತು ತೋರಿಸಿದರು. ಚುಚ್ಚಿದೆ. ದರ್ಜಿ. ಇನ್ನೊಂದು. ಯಾರೋ ಗೊತ್ತಿಲ್ಲದ ಹೆಂಗಸು. ಏನೂ ಹೇಳಲಿಲ್ಲ, ಮಗು ತೊಡೆಯ ಮೇಲಿದ್ದಿರಬೇಕು, ಉಸಿರಾಟ ಮಾತ್ರ. ಆ ಉಸಿರು ಕೇಳುತ್ತ ಮ್ಯಾನೇಜರ್ ಬಹಳ ಹೊತ್ತು ನಿಂತರು. ಆಮೇಲೆ ಹೆಡ್‌ಸೆಟ್ ಕಳಚಿ, ಅಂದಾಜುಗಾರನ ಕೈಯಿಂದ ಪೆನ್ನು ತೆಗೆದುಕೊಂಡು, ಮುಳ್ಳು ತೋರಿಸಿದ್ದಕ್ಕೆ ಸಾಕ್ಷಿಯಾಗಿ ಸಹಿ ಹಾಕಿದರು.

“ಮೇಲಿನೋರು ನನ್ನನ್ನ ಸುಮ್ಮನೆ ಬಿಡಲ್ಲ,” ಎಂದು ಗೊಣಗಿದರು.

“ನಿಮ್ಮನ್ನ ಒಬ್ಬರನ್ನೇ ಬಿಡೋದಿಲ್ಲ ಸರ್, ನಾವಿದ್ದೀವಿ,” ಎಂದೆ. ಆ ಮಾತು ಅವರಿಗೂ ಹೊಸದು, ನನಗೂ.

ಎಕ್ಸ್‌ಚೇಂಜ್ ಉಳಿಯಿತು. ಸದ್ಯಕ್ಕೆ ಎಂದು ಮೇಲಿನವರು ಬರೆದಿದ್ದಾರೆ. ಆ ‘ಸದ್ಯ’ವನ್ನು ಎಷ್ಟು ಉದ್ದ ಎಳೆಯಬೇಕೆಂದು ನಾವು ನೋಡಿಕೊಳ್ಳುತ್ತೇವೆ. ನನ್ನ ವರ್ಗ ರದ್ದಾಯಿತು. ಆ ಹೊಸ ಬೀಗ ಡ್ರಾಯರಿನಲ್ಲೇ ತುಕ್ಕು ಹಿಡಿಯಲಿ.

ಅಂದಾಜುಗಾರ ಒಂದು ಮಧ್ಯಾಹ್ನ ಮೇಜಿನ ಮುಂದೆ ಬಂದು ನಿಂತ. ಕಿವಿಯ ಮೇಲೆ ಪೆನ್ಸಿಲ್ ಇರಲಿಲ್ಲ.

“ಕಂಪನಿಯವರು ಇನ್ನು ನನಗೆ ಕೆಲಸ ಕೊಡಲ್ವಂತೆ. ಎಣಿಸು ಅಂದ್ರೆ ಎಬ್ಬಿಸಿಬಿಟ್ಟೆ ಅಂತ.” ಒಂದು ಕಡೆಯ ತುಟಿ ಮೇಲೆ ಹೋಯಿತು. “ಈಗ ನಾನು ಬಳಕೆಯಲ್ಲಿಲ್ಲ.”

“ಯಾರು ಹೇಳಿದ್ದು?”

“ಅವರು.”

“ಅವರ ಲೆಕ್ಕ ಯಾವತ್ತು ಸರಿ ಇತ್ತು?”

ಅವನು ತಲೆ ತಗ್ಗಿಸಿ ನಕ್ಕ. “ಬೇರೆ ಕಡೆ ಅಂದಾಜಿನ ಕೆಲಸ ಸಿಕ್ಕಿದೆ, ಇದೇ ಊರಲ್ಲಿ. ದರ್ಜಿ ಅಂಗಡಿ ಮೇಲಿನ ರೂಮು ಹಿಡಿದಿದ್ದೀನಿ. ಒಂದು ಕನೆಕ್ಷನ್ ಬೇಕಿತ್ತು.”

“ಎಂಥಾ ಕನೆಕ್ಷನ್?”

“ಲ್ಯಾಂಡ್‌ಲೈನ್.”

“ಈ ಕಾಲದಲ್ಲಿ?”

“ಈ ಕಾಲದಲ್ಲೇ.”

ನಾನೇ ಹೋದೆ. ಕಿಟಕಿಯ ಚೌಕಟ್ಟಿನ ಅಂಚಿನಲ್ಲಿ ತಂತಿ ಎಳೆದೆ. ಅವನು ಸ್ಕ್ರೂಗಳನ್ನು ಅಂಗೈಯಲ್ಲಿ ಹಿಡಿದು ನಿಂತಿದ್ದ. ಒಂದೊಂದನ್ನೂ ಅಗತ್ಯಕ್ಕಿಂತ ನಿಧಾನವಾಗಿ ತೆಗೆದುಕೊಂಡೆ. ಕೆಳಗೆ ಹೊಲಿಗೆ ಯಂತ್ರ ಓಡುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಓಡುತ್ತಿತ್ತು.

“ಇಷ್ಟು ಹತ್ತಿರ ನಿಂತ್ರೆ ನಾನು ಕೆಲಸ ಮಾಡೋದು ಹೇಗೆ?”

“ದೂರ ನಿಂತ್ರೆ ಸ್ಕ್ರೂ ಕೊಡೋದು ಹೇಗೆ?”

ಕೊನೆಯ ಸ್ಕ್ರೂ ಅವನ ಅಂಗೈಯಿಂದ ತೆಗೆದುಕೊಂಡು ತಿರುಗಿಸಿದೆ.

ಎಕ್ಸ್‌ಚೇಂಜಿಗೆ ಮರಳಿ ಹೆಡ್‌ಸೆಟ್ ಹಾಕಿಕೊಂಡು ಹೊಸ ಲೈನಿಗೆ ಪ್ಲಗ್ಗು ಚುಚ್ಚಿದೆ. ಮುಳ್ಳು ಒದೆಯಿತು. ಕರೆ ಮಾಡಿದೆ.

“ಒದೀತಾ?” ಎಂದ.

“ಒದೀತು.”

“ಮುಳ್ಳು ಒದ್ದ ಮಾತ್ರಕ್ಕೆ ಬಳಕೆಯಲ್ಲಿದೆ ಅಂತ ಅಲ್ಲ, ದೆವ್ವ.”

“ಮತ್ತೆ?”

ಉತ್ತರ ಕೊಡದೆ ಇಟ್ಟುಬಿಟ್ಟ. ಮೊದಲ ದಿನದ ಹಾಗೆಯೇ, ಇಟ್ಟೇಬಿಟ್ಟ.

ಸ್ವಲ್ಪ ಹೊತ್ತಿಗೆ ನನ್ನ ಮೇಜಿನ ಫೋನು ಬಡಿದುಕೊಂಡಿತು. ಕೈ ತಾನಾಗಿ ಹೋಯಿತು, ಹಿಂದಕ್ಕೆ ಎಳೆದುಕೊಂಡೆ. ಒಂದು. ಎರಡು. ಮೂರನೆಯದಕ್ಕೆ ಉಸಿರು ಬಿಗಿಹಿಡಿದು ಕಾದೆ.

ಬರಲಿಲ್ಲ.

ಹೆಡ್‌ಸೆಟ್ ತೆಗೆದು ಕುರ್ಚಿಯ ಸವೆದ ಕೈಗೆ ನೇತುಹಾಕಿದೆ. ಕೂದಲು ಸರಿಮಾಡಿಕೊಂಡೆ. ಮೆಟ್ಟಿಲ ಹತ್ತಿರ ಮ್ಯಾನೇಜರ್ ಎದುರಾದರು.

“ಫೋನ್ ಬಡಿದುಕೊಳ್ತಿತ್ತಲ್ಲ, ಎತ್ತಲೇ ಇಲ್ಲ?”

“ಎತ್ತೋ ಅಂಥದ್ದಲ್ಲ ಸರ್ ಅದು.”

“ಎತ್ತದಿದ್ರೆ ಅದು ಲೆಕ್ಕಕ್ಕಿಲ್ಲ.”

“ಇದೆ ಸರ್,” ಎಂದೆ, ಎರಡೆರಡು ಮೆಟ್ಟಿಲು ಇಳಿಯುತ್ತ. “ಬರ್ಕೊಳ್ಳಿ. ಬಳಕೆಯಲ್ಲಿದೆ!”